ಮಗಾಡಿ ಇಲ್ಲದೆ ಬೇಯುವ ಕಾಳು

ಅಧ್ಯಕ್ಷರಾದ ಶ್ರೀಮತಿ ಎಲಿರೆಹೆಮಾ ಸರಕಿಕ್ಯಾ ಅವರೇ, ಜಿಲ್ಲೆಯ ಶಿಕ್ಷಣಾಧಿಕಾರಿಗಳೇ, ಪಾದ್ರಿಗಳೇ, ಶೇಖ್ ಅವರೇ, ನಮ್ಮ ರಸಾಯನಶಾಸ್ತ್ರ ಸಂಘದ ಹಿರಿಯ ಕಿರಿಯ ಸದಸ್ಯರೇ, ಬೆಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ನಡೆದು ಬಂದ ತಾಯಂದಿರೇ, ಕಿಟಕಿಯ ಆಚೆ ಒಲೆಯ ಮುಂದೆ ನಿಂತು ಮೈಕಿನಲ್ಲೇ ನನ್ನನ್ನು ಕೇಳಿಸಿಕೊಳ್ಳುತ್ತಿರುವವರೇ, ಮತ್ತು ಸಭಿಕರೇ,

ನಾನು ಮೇಲೇಳುವಾಗ ಅಧ್ಯಕ್ಷರು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. "ಮೇಷ್ಟ್ರೇ, ಕಾಳು ಇನ್ನೂ ಬೆಂದಿಲ್ಲ. ಸ್ವಲ್ಪ ಎಳೀರಿ." ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವನಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ? ಕಾಳು ತಡವಾಗಿ ಬೇಯುತ್ತಿರುವುದಕ್ಕೂ ನಾನೇ ಕಾರಣ ಎಂದು ಅವರು ಹೇಳಲಿಲ್ಲ. ಅದು ಅವರ ದೊಡ್ಡತನ.

ಈ ಫಲಕವನ್ನು ಈಗಷ್ಟೇ ನನ್ನ ಕೈಗೆ ಕೊಟ್ಟಿದ್ದೀರಿ. ಇದರಲ್ಲಿ ಹೀಗೆ ಕೆತ್ತಿದೆ: "ಅನಾಯೆಲಿ ನನ್ಯಾರೋ ಅವರಿಗೆ, ಮಗಾಡಿಯ ದೋಷವನ್ನು ಕಂಡುಹಿಡಿದುದಕ್ಕಾಗಿ." ಅಕ್ಷರಗಳು ಚೆನ್ನಾಗಿವೆ. ಹೆಸರಿನಲ್ಲಿ ತಪ್ಪಿಲ್ಲ. ಆದರೂ ಇದನ್ನು ಓದಿದಾಗ ನನಗೆ ಏನೋ ಗೊಂದಲವಾಯಿತು. ಬೆಳಿಗ್ಗೆಯೇ ಒಂದು ಗೊಂದಲ ಮನೆ ಬಾಗಿಲಿಗೆ ಬಂದಿತ್ತು, ಅದರ ಜೊತೆ ಇದೂ ಸೇರಿಕೊಂಡಿತು. ಆ ಬೆಳಗಿನ ಗೊಂದಲ ಈಗ ನನ್ನ ಕೋಟಿನ ಜೇಬಿನಲ್ಲಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಂಘದ ವಿಷಯ. ನಮ್ಮ ಬೆಟ್ಟದ ಕಾಲುವೆಗಳ ನೀರು ಹೇಗೆ ಎಂದು ಈ ಸಭೆಗೆ ನಾನು ಹೇಳಬೇಕೇ? ನಿಮ್ಮಲ್ಲಿ ಅರ್ಧ ಜನ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೀರಿ. ನಾನೂ ಹಿಡಿಯುತ್ತೇನೆ. ಕೆಳಗಿನ ಅರುಷಾ ಪೇಟೆಯ ಬಸ್ಸಿನಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, "ನೀವು ಮೇಲಿನವರಾ?" ಎಂದು ಕೇಳುತ್ತಾರೆ. ಇಲ್ಲಿ ಹುಟ್ಟಿ ಈ ನೀರು ಕುಡಿದವರ ಹಲ್ಲು ಕಂದು. ನಮ್ಮ ಅಜ್ಜಂದಿರು ಅದನ್ನು ಬೆಟ್ಟದ ಗುರುತು ಎಂದರು. ನಮ್ಮ ಸಂಘ ಅದನ್ನು ಫ್ಲೋರೈಡ್ ಎಂದಿತು. ಹೆಸರು ಬದಲಾದ ಮಾತ್ರಕ್ಕೆ ಹಲ್ಲು ಬೆಳ್ಳಗಾಗುತ್ತದೆಯೇ? ಅದಕ್ಕೇ ನಾವು ಬಕೆಟ್ಟು ಹಿಡಿದು ಮನೆಮನೆಗೆ ಹೊರಟೆವು.

ಹದಿನೆಂಟು ವರ್ಷದ ಹಿಂದಿನ ಮಾತು. ಸುಟ್ಟ ಮೂಳೆಯ ಇದ್ದಿಲನ್ನು ಬಕೆಟ್ಟಿನಲ್ಲಿ ತುಂಬಿ ನೀರು ಹಾಯಿಸಿದರೆ ಆ ಇದ್ದಿಲು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಕಾಗದದ ಮೇಲೆ ಬಹಳ ಸುಲಭ. ನಾವು ಸುಟ್ಟ ಮೊದಲ ಮೂಳೆ ಸರಿಯಾಗಿ ಸುಟ್ಟಿರಲಿಲ್ಲ. ಬಕೆಟ್ಟಿನಿಂದ ಬಂದ ನೀರು ಮಾಂಸದ ಸಾರಿನ ಹಾಗೆ ಮೂಗಿಗೆ ಬಡಿಯಿತು. ಒಬ್ಬ ಮುದುಕರು ಲೋಟ ಬರಿದುಮಾಡಿ, "ಉಪ್ಪು ಒಂದು ಕಮ್ಮಿ ಆಯ್ತು ಕಣಪ್ಪ" ಎಂದರು. ನಾವು ಹೋದಲ್ಲೆಲ್ಲ ಸಂಘದ ವ್ಯಾನಿನ ಹಿಂದೆ ನಾಯಿಗಳು ಬರುತ್ತಿದ್ದವು.

ಆಮೇಲೆ ಜನ ಪ್ರಶ್ನೆ ಕೇಳಿದರು. ಹಂದಿಯ ಮೂಳೆ ಸೇರಿಲ್ಲ ತಾನೇ ಎಂದು ಶೇಖ್ ಅವರು ಕೇಳಿದರು. ರೋಗದಿಂದ ಸತ್ತ ದನದ್ದಲ್ಲ ತಾನೇ ಎಂದು ಪಾದ್ರಿಗಳು ಕೇಳಿದರು. ಇಬ್ಬರೂ ಒಪ್ಪಿದ ಕಟುಕರು ಈ ಸುತ್ತಿನಲ್ಲಿ ಒಬ್ಬರೇ, ಸಂತೆಯ ತಿರುವಿನವರು. ಎಲ್ಲ ಮೂಳೆಯನ್ನೂ ಅವರಲ್ಲಿಯೇ ಕೊಳ್ಳುವುದೆಂದು ತೀರ್ಮಾನವಾಯಿತು. ಆಗ ಹೆಂಗಸರ ಸಾಲಿನಿಂದ ನನ್ನ ಅತ್ತೆ, ನನ್ನ ಹೆಂಡತಿಯ ತಾಯಿ ಎಲಿಯಪೆಂಡಾ ಅಕ್ಯೂ ಅವರು, ಎದ್ದು ನಿಂತು, "ಯಾವ ಹಸುವಿನದು?" ಎಂದು ಕೇಳಿದರು.

ಸಭೆ ನಕ್ಕಿತು. ನಾನು, "ಅತ್ತೆ, ಹಸು ಹೆಸರು ಹೇಳಿ ಹೋಗಿದ್ದರೆ ಬರೆದಿಟ್ಟುಕೊಳ್ತಿದ್ದೆ" ಎಂದೆ. ಸಭೆ ಇನ್ನೂ ಜೋರಾಗಿ ನಕ್ಕಿತು. ಅತ್ತೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು ಎಂದೇ ನನ್ನ ನೆನಪು. ಈ ಹದಿನೆಂಟು ವರ್ಷ, ಹೋದ ಊರಿನಲ್ಲೆಲ್ಲ ಈ ಪ್ರಸಂಗವನ್ನು ಹೇಳಿ ನಗಿಸಿದ್ದೇನೆ. ನೀವು ಈಗ ನಕ್ಕಿರಲ್ಲ, ಹಾಗೆಯೇ.

ಜನ ಬಕೆಟ್ಟು ತೆಗೆದುಕೊಳ್ಳಲು ಹಿಂಜರಿದರು. ಆಗ ನನಗೊಂದು ಉಪಾಯ ಹೊಳೆಯಿತು. ನೀರಿನ ಮಾದರಿ ತರಲು ನಮ್ಮ ವ್ಯಾನು ತಿಂಗಳಿಗೊಮ್ಮೆ ಕೆಳಗಿನ ಸರೋವರಕ್ಕೆ ಹೋಗುತ್ತಿತ್ತು. ಅಲ್ಲಿ ದಡದಲ್ಲಿ ಹೆಪ್ಪುಗಟ್ಟುವ ಬಿಳಿ ಕ್ಷಾರವೇ ಮಗಾಡಿ. ಒಂದು ಚಿಟಿಕೆ ಹಾಕಿದರೆ ಎಂಥ ಹಟಮಾರಿ ಕಾಳೂ ಅರ್ಧ ಹೊತ್ತಿಗೆ ಬೆಣ್ಣೆಯಾಗುತ್ತದೆ, ಸೌದೆ ಉಳಿಯುತ್ತದೆ. ಮಗಾಡಿ ಎಂದರೆ ಬೇಡ ಎನ್ನುವ ಹೆಂಗಸು ಈ ಬೆಟ್ಟದಲ್ಲಿ ಆಗ ಇದ್ದಳೇ? ನಾನು ಒಂದು ಚೀಲ ತುಂಬಿಸಿಕೊಂಡು ಬಂದೆ. ಬಕೆಟ್ಟು ತೆಗೆದುಕೊಂಡ ಪ್ರತಿ ಮನೆಗೂ ತಿಂಗಳಿಗೆ ಒಂದು ಡಬ್ಬಿ ಮಗಾಡಿ, ಸಂಘದ ಪ್ರೀತಿಯ ಕಾಣಿಕೆ. ನಲವತ್ತು ಮನೆಗಳು ಒಂದೇ ತಿಂಗಳಲ್ಲಿ ಬಂದವು. ಆ ವರ್ಷದ ವರದಿಯಲ್ಲಿ ಇದನ್ನು "ಜನಸಂಪರ್ಕದ ನವೀನ ವಿಧಾನ" ಎಂದು ನಾನೇ ಬರೆದೆ.

ನಲವತ್ತರಲ್ಲಿ ಒಂದು ಮನೆ ನಮ್ಮ ಅತ್ತೆಯದು. ನನ್ನ ಹೆಂಡತಿ ಆಗ ದೂರದ ಆಸ್ಪತ್ರೆಯಲ್ಲಿ ದಾದಿ. ಮಗಳು ಪೆಂಡಾಯೆಲಿ ಒಂದು ವರ್ಷದವಳು, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ನಾನು ಅತ್ತೆಗೆ ಕೈಮುಗಿದು ಹೇಳಿದ್ದೆ, ನನ್ನ ಮಗುವಿಗೆ ಬಕೆಟ್ಟಿನ ನೀರು ಬಿಟ್ಟು ಬೇರೆ ಹನಿ ಕೊಡಬೇಡಿ ಎಂದು. ಸ್ವಾರ್ಥ ಇರಲಿಲ್ಲವೇ? ಇತ್ತು. ಸಂಘದ ಕಾರ್ಯದರ್ಶಿಯ ಮಗಳ ಹಲ್ಲು ಬೆಳ್ಳಗೆ ಬಂದರೆ ಇಡೀ ಬೆಟ್ಟ ನಂಬುತ್ತದೆ ಎಂದು ಲೆಕ್ಕ ಹಾಕಿದ್ದೆ.

ಏಳನೇ ವಯಸ್ಸಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂತು. ಕಂದು. ನನ್ನದಕ್ಕಿಂತ ಒಂದು ಛಾಯೆ ಹೆಚ್ಚೇ.

ನಾನು ಅತ್ತೆಯ ಮನೆಗೆ ಹೋದೆ. ಅಳಿಯ ಅತ್ತೆಯ ಮುಂದೆ ದನಿ ಏರಿಸಬಾರದು ಎಂದು ಗೊತ್ತಿದ್ದೂ ಏರಿಸಿದೆ. "ನಿಜ ಹೇಳಿ. ಮಗುಗೆ ಕಾಲುವೆ ನೀರು ಕುಡಿಸಿದ್ರಾ?" ಅವರು ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದವರು ತಲೆಯೆತ್ತಲಿಲ್ಲ. "ಪೆಂಡಾಯೆಲಿಯ ಅಪ್ಪಾ, ನೀವು ಕೊಟ್ಟ ಬಕೆಟ್ಟು ಒಳಗಿದೆ. ಹೋಗಿ ನೋಡಿ" ಎಂದರು. ಹೋಗಿ ನೋಡಿದೆ. ಬಕೆಟ್ಟು ಥಳಥಳ ಹೊಳೆಯುತ್ತಿತ್ತು. ಬಳಸಿದ ಬಕೆಟ್ಟಿನ ತಳದಲ್ಲಿ ಕಪ್ಪು ಕೂರುತ್ತದೆ, ಎಷ್ಟು ತಿಕ್ಕಿದರೂ. ಆದರೆ ಅತ್ತೆ ಒಲೆಯ ಕಲ್ಲನ್ನೂ ಬೂದಿ ಹಾಕಿ ಬೆಳಗುವವರು. ಅದರಿಂದ ಏನೆಂದು ತೀರ್ಮಾನಿಸುವುದು? ನಾನು ತೀರ್ಮಾನಿಸಿಬಿಟ್ಟೆ.

ಆ ವರ್ಷದ ವಾರ್ಷಿಕೋತ್ಸವ ಇದೇ ಸಭಾಂಗಣದಲ್ಲಿ ನಡೆಯಿತು. ಇದೇ ಮೈಕು, ಇದೇ ಮೇಜು. ವರದಿಯ ನಾಲ್ಕನೇ ಪುಟದ ಕೊನೆಯ ಸಾಲನ್ನು ನಾನು ಓದಿದೆ: "ಒಂದು ಮನೆಯಲ್ಲಿ ಮಾತ್ರ, ಮನೆಯ ಹಿರಿಯರ ಅಸಡ್ಡೆಯಿಂದಾಗಿ, ಪ್ರಯೋಗ ವಿಫಲವಾಗಿದೆ." ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿತ್ತೇ? ಇಡೀ ಸಭೆ ತಿರುಗಿ ಒಬ್ಬರನ್ನೇ ನೋಡಿತು. ಅತ್ತೆ ಕೊನೆಯವರೆಗೂ ಕೂತಿದ್ದರು. ಊಟದ ನಂತರ ಎಲ್ಲರ ತಟ್ಟೆ ತೊಳೆದರು. ಆಮೇಲೆ ಮೂರು ವರ್ಷ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನ ಹೆಂಡತಿ ನನ್ನ ಹತ್ತಿರ ಉಪ್ಪು, ಸೌದೆ, ಶಾಲೆಯ ಫೀಸು, ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದಳು.

ಆ ಮೂರು ವರ್ಷದಲ್ಲಿ ಉಳಿದ ಮನೆಗಳ ಮಕ್ಕಳಿಗೂ ಹಲ್ಲು ಬಂತು. ಒಂದು, ಎರಡು, ಹನ್ನೊಂದು. ಎಲ್ಲ ಕಂದು. ಎಲ್ಲ ಮನೆಯ ಹಿರಿಯರೂ ಅಸಡ್ಡೆಯವರೇ? ಸಂಘ ಇದ್ದಿಲನ್ನು ದೂರಿತು, ಬಕೆಟ್ಟನ್ನು ದೂರಿತು, ನಲ್ಲಿಯನ್ನು ದೂರಿತು.

ಒಂದು ದಿನ ಶಾಲೆಯಲ್ಲಿ ನಮ್ಮ ಪ್ರದರ್ಶನವಿತ್ತು. ಮಕ್ಕಳು ಅಡುಗೆಮನೆಯಿಂದ ಏನಾದರೂ ತರಬೇಕು, ನಾವು ಅಳೆದು ತೋರಿಸಬೇಕು. ನಿಂಬೆಹಣ್ಣು ಬಂತು, ಬೂದಿ ಬಂತು, ಚಹಾದ ಪುಡಿ ಬಂತು. ನನ್ನ ಮಗಳು ಮಗಾಡಿ ತಂದಿದ್ದಳು. ನೀರಿನಲ್ಲಿ ಕರಗಿಸಿ ಫ್ಲೋರೈಡ್ ಅಳೆಯುವ ಯಂತ್ರವನ್ನು ಇಟ್ಟೆ. ಅಂಕಿ ಏರಿತು, ಏರುತ್ತಲೇ ಹೋಯಿತು. ಯಂತ್ರ ಕೆಟ್ಟಿದೆ ಎಂದು ಮೂರು ಸಲ ತೊಳೆದೆ. ಮೂರು ಸಲವೂ ಅದೇ. ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರ ಮೇಲೆ ನನ್ನ ಕೈಬರಹದಲ್ಲಿ "ಸಂಘದ ಪ್ರೀತಿಯ ಕಾಣಿಕೆ" ಎಂದಿತ್ತು.

ಸಭಿಕರೇ, ಈ ಫಲಕದ ಮೇಲೆ ಕೆತ್ತಿರುವ ಶೋಧನೆ ಇದೇ. ಬಕೆಟ್ಟಿನಿಂದ ತೆಗೆದದ್ದನ್ನು ಡಬ್ಬಿಯಿಂದ ತಿರುಗಿ ಕೊಟ್ಟವನು ನಾನು. ಎಲ್ಲರ ಮಡಕೆಗೂ ಕೈ ಹಾಕಿದ ಮೇಲೆ ಕಂಡುಹಿಡಿಯುವುದಕ್ಕೆ ಏನು ಉಳಿದಿತ್ತು?

ಅಂದು ಸಂಜೆಯೇ ಒಂದು ಇಸಾಲೆ ಎಲೆ ಕತ್ತರಿಸಿದೆ. ಬೇಲಿಗೆ ನೆಡುವ ಈ ಇಸಾಲೆ ಗಿಡ ನಮಗೆ ಏನೆಂದು ಮಕ್ಕಳಿಗೂ ಗೊತ್ತು. ತಪ್ಪು ಮಾಡಿದವನು ಆ ಎಲೆಗೆ ಗಂಟು ಹಾಕಿ ಕೊಟ್ಟರೆ ಪಡೆದವರು ಕ್ಷಮಿಸಲೇಬೇಕು. ಕೊಲೆಯಾಗಿದ್ದರೂ ಸರಿ. ನಾನು ಎಲೆಯನ್ನು ಸೈಕಲ್ಲಿನ ಚೀಲದಲ್ಲಿಟ್ಟು ಅತ್ತೆಯ ಗೇಟಿನವರೆಗೆ ಹೋದೆ. "ಊಟ ಮಾಡ್ಕೊಂಡು ಹೋಗಿ, ಪೆಂಡಾಯೆಲಿಯ ಅಪ್ಪಾ" ಎಂದರು. ಮಗಾಡಿಯ ಸುದ್ದಿ ಆಗಲೇ ಮುಟ್ಟಿತ್ತು. ಮಗಾಡಿ ಹಾಕದೆ ಬೇಯಿಸಿದ ಕಾಳು ಬಡಿಸಿದರು, ಕಲ್ಲಿನಂತಿತ್ತು. ಒಂದೊಂದನ್ನೇ ಅಗಿದು ತಿಂದೆ. ಬಾಯಿ ತುಂಬ ಅದೇ ಇತ್ತು, ಮಾತಾಡಲು ಆಗಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಎಲೆ ಚೀಲದಲ್ಲೇ ಒಣಗಿತು. ಒಂಬತ್ತು ವರ್ಷವಾಯಿತು. ಅವರು ಮತ್ತೆ ನಮ್ಮ ಮನೆಗೆ ಬರತೊಡಗಿದರು, ಸಂಘದ ಅಡುಗೆಗೂ ಬಂದರು. ಆ ವಿಷಯ ಮಾತ್ರ ನಾವು ಎತ್ತಲಿಲ್ಲ.

ಇವತ್ತು ನಾನು ಇದೇ ಮೈಕಿನಲ್ಲಿ ಅವರ ಕ್ಷಮೆ ಕೇಳಬೇಕೆಂದು ಎರಡು ಪುಟ ಬರೆದುಕೊಂಡಿದ್ದೆ. ಬೆಳಿಗ್ಗೆ ಕೋಟು ಹಾಕಿಕೊಳ್ಳುತ್ತಿದ್ದಾಗ ಪೆಂಡಾಯೆಲಿ ಬಂದಳು. ಈಗ ಹತ್ತೊಂಬತ್ತು ವರ್ಷ. ಕೈಯಲ್ಲಿ ಇದಿತ್ತು.

ಕಾಣಿಸುತ್ತಿದೆಯೇ ಹಿಂದಿನವರಿಗೆ? ಇಸಾಲೆ. ಗಂಟು ಹಾಕಿದೆ. ಹಸಿಯಾಗಿದೆ.

"ಅಜ್ಜಿ ಕೊಟ್ರು. ಅಪ್ಪ ಭಾಷಣ ಮಾಡೋಕೆ ಮುಂಚೆ ಕೊಡು ಅಂದ್ರು."

"ನನಗಾ? ನಾನಲ್ವಾ ಅವರಿಗೆ ಕೊಡಬೇಕಾಗಿದ್ದು?"

"ನಂಗೇನು ಗೊತ್ತಪ್ಪ. ಎಲೆ ಕೊಟ್ರು, ತಂದ್ಕೊಟ್ಟೆ."

ಸಭಿಕರೇ, ನನಗೆ ತಿಳಿಯಲಿಲ್ಲ. ಅನ್ಯಾಯವಾದದ್ದು ಅವರಿಗೆ. ಅವರು ನನ್ನಲ್ಲಿ ಕ್ಷಮೆ ಕೇಳುವುದು ಏತಕ್ಕೆ? ಹಾಗಾದರೆ ಅವರು ನಿಜವಾಗಿಯೂ ಕಾಲುವೆಯ ನೀರನ್ನೇ ಕುಡಿಸಿದ್ದರೇ? ನಾನು ಮಗಳನ್ನು ಕೇಳಿದೆ, ನಿನಗೇನಾದರೂ ನೆನಪಿದೆಯೇ ಎಂದು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಂಗೆ ಎರಡೋ ಮೂರೋ ವರ್ಷ ಆಗ. ಬಾಯಾರಿದ್ರೆ ಕುಡಿದೆ. ಯಾವುದ್ರಿಂದ ಬಗ್ಗಿಸಿದ್ರು ಅಂತ ನೋಡ್ತಾ ಕೂತಿದ್ನಾ?"

ಹಲ್ಲನ್ನು ನೋಡಿ ಹೇಳಲು ಬರುವುದಿಲ್ಲ. ನೀರಿನಿಂದ ಬಂದ ಕಂದಿಗೂ ಮಗಾಡಿಯಿಂದ ಬಂದ ಕಂದಿಗೂ ವ್ಯತ್ಯಾಸ ತೋರಿಸುವ ಯಂತ್ರ ನಮ್ಮ ಸಂಘದಲ್ಲಿಲ್ಲ. ಎರಡು ಕಾರಣ, ಒಂದು ಹಲ್ಲು. ನನ್ನ ಮಾತು ಸುಳ್ಳಾಗಿತ್ತೇ, ನಿಜವಾಗಿತ್ತೇ? ನಿಜವಾಗಿದ್ದರೂ ಅದು ಅಸಡ್ಡೆಯೇ? ಅಸಡ್ಡೆಯವರು ಬಕೆಟ್ಟನ್ನು ಅಷ್ಟು ಹೊಳೆಯುವಂತೆ ಇಡುತ್ತಾರೆಯೇ? ಮೊಮ್ಮಗಳಿಗಾಗಿ ಪ್ರಾಣ ಕೊಡುವವರು ಒಂದು ಬಕೆಟ್ಟು ನೀರಿಗೆ ಯಾಕೆ...

ತಡೆಯಿರಿ.

ಕ್ಷಮಿಸಿ, ಇದನ್ನು ನಾನು ಬರೆದುಕೊಂಡು ಬಂದಿಲ್ಲ. ಆ ವರ್ಷ, ಬಕೆಟ್ಟು ಕೊಟ್ಟ ವರ್ಷ, ಅತ್ತೆ ತಮ್ಮ ಹಳೆಯ ಹಸುವನ್ನು ಮಾರಿದ್ದರು. ಕಾಫಿಯ ಬಣ್ಣದ್ದು, ಅದಕ್ಕೇ ಅದನ್ನು ಕಹಾವಾ, ಕಾಫಿ, ಎಂದು ಕರೆಯುತ್ತಿದ್ದರು. ಹದಿಮೂರು ವರ್ಷ ಕೈಯಾರೆ ಹುಲ್ಲು ತಿನ್ನಿಸಿ ಸಾಕಿದ್ದು. ಹಾಲು ಬತ್ತಿತ್ತು, ಎದ್ದು ನಿಲ್ಲಲು ಕಷ್ಟಪಡುತ್ತಿತ್ತು. ಹಗ್ಗ ಹಿಡಿದು ಕರೆದುಕೊಂಡು ಹೋದವನು ನಾನೇ. ಸಂತೆಯ ತಿರುವಿಗೆ, ಆ ಕಟುಕರಲ್ಲಿಗೆ.

ಯಾವ ಹಸುವಿನದು, ಎಂದು ಕೇಳಿದ್ದರು. ನಾನು ಹೆಸರಿನ ಬಗ್ಗೆ ತಮಾಷೆ ಮಾಡಿದೆ.

ನನಗೆ ಗೊತ್ತಿಲ್ಲ. ಆ ಇದ್ದಿಲಿನಲ್ಲಿ ಕಹಾವಾ ಇದೆಯೆಂದು ಅತ್ತೆ ಆ ನೀರನ್ನು ಮುಟ್ಟಲಿಲ್ಲವೋ ಏನೋ, ನಿಜವಾಗಿಯೂ ಗೊತ್ತಿಲ್ಲ. ಮತ್ತೆ ನಾನೇನು ಮಾಡುತ್ತಿದ್ದೇನೆ ನೋಡಿ. ಹನ್ನೆರಡು ವರ್ಷದ ಹಿಂದೆ ಇದೇ ಮೈಕಿನಲ್ಲಿ ಅವರನ್ನು ಸಭೆಯ ಮುಂದೆ ನಿಲ್ಲಿಸಿದೆ. ಇವತ್ತು ಕ್ಷಮೆ ಕೇಳುವ ನೆಪದಲ್ಲಿ ಇನ್ನೊಮ್ಮೆ ನಿಲ್ಲಿಸಿದ್ದೇನೆ. ಅವರು ಎಲೆಯನ್ನು ಭಾಷಣಕ್ಕೆ ಮುಂಚೆ ಕೊಡು ಎಂದು ಕಳಿಸಿದ್ದು, ಅದನ್ನು ಭಾಷಣದಲ್ಲಿ ಎತ್ತಿ ತೋರಿಸಲಿ ಎಂದಲ್ಲ. ಇಷ್ಟು ತಿಳಿಯಲು ನನಗೆ ಇಷ್ಟು ಹೊತ್ತು ಬೇಕಾಯಿತು. ಮಗಾಡಿ ಇಲ್ಲದ ಕಾಳು ನಾನು.

ಆದ್ದರಿಂದ ಕೇಳುವುದನ್ನು ಇಲ್ಲಿಗೆ ಬಿಡುತ್ತೇನೆ. ಇಸಾಲೆ ಕೊಟ್ಟವರನ್ನು ಏತಕ್ಕೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ, ನಿಮ್ಮ ಎಲೆ ನನಗೆ ಮುಟ್ಟಿತು. ಒಪ್ಪಿದೆ. ನನ್ನದು ಒಂಬತ್ತು ವರ್ಷ ತಡವಾಗಿದೆ. ಈ ಸಭಾಂಗಣದ ಬೇಲಿಯಲ್ಲೂ ಇಸಾಲೆ ಇದೆ, ಈಗ ಇಳಿದು ಹೋಗಿ ಕತ್ತರಿಸಿ ತರುತ್ತೇನೆ. ಈಗಿನ ಕಾರ್ಯದರ್ಶಿಗಳಲ್ಲಿ ಒಂದೇ ಬೇಡಿಕೆ. ಹನ್ನೆರಡು ವರ್ಷದ ಹಿಂದಿನ ವರದಿಯ ನಾಲ್ಕನೇ ಪುಟದ ಕೊನೆಯ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಸಹಿ ತೆಗೆದುಕೊಳ್ಳಿ. ಈ ಫಲಕವನ್ನು ಮೇಜಿನ ಮೇಲೆಯೇ ಇಟ್ಟು ಹೋಗುತ್ತೇನೆ. "ಕಂಡುಹಿಡಿದುದಕ್ಕಾಗಿ" ಎಂಬಲ್ಲಿ "ಹಂಚಿದುದಕ್ಕಾಗಿ" ಎಂದು ಕೆತ್ತಿಸಿ ಕೊಟ್ಟರೆ ಮನೆಯ ಗೋಡೆಗೆ ಹಾಕಿಕೊಳ್ಳುತ್ತೇನೆ.

ಕಿಟಕಿಯ ಆಚೆ ಅತ್ತೆ ಪಾತ್ರೆಯ ಮುಚ್ಚಳ ತೆಗೆದಿದ್ದಾರೆ. ಒಂದು ಕಾಳು ತೆಗೆದು ಬೆರಳಿನಲ್ಲಿ ಹಿಸುಕಿ ನೋಡಿದರು. ಈ ಕಡೆ ನೋಡುತ್ತಿದ್ದಾರೆ. ತಲೆಯಾಡಿಸಿದರು.

ಕಾಳು ಬೆಂದಿದೆ ಎಂದೋ, ನನ್ನ ಮಾತಿಗೋ, ಇಲ್ಲಿಂದ ಗೊತ್ತಾಗುತ್ತಿಲ್ಲ. ಹೋಗಿ ತಟ್ಟೆ ಹಿಡಿದು ನಿಂತರೆ ಗೊತ್ತಾಗಬಹುದು. ಕಾಳು ಬೇಯುವವರೆಗೂ ನನ್ನನ್ನು ತಾಳಿಕೊಂಡ ಅಧ್ಯಕ್ಷರಿಗೂ ಅತಿಥಿಗಳಿಗೂ ನಿಮ್ಮೆಲ್ಲರಿಗೂ ಋಣಿ. ಕಿಟಕಿಯ ಕಡೆಗೆ ತಿರುಗಿ ಕೈಮುಗಿಯುತ್ತಿದ್ದೇನೆ, ಸಭಿಕರು ತಪ್ಪು ತಿಳಿಯಬಾರದು. ನಮಸ್ಕಾರ.