ಪರದೆ ಇಲ್ಲದ ಬೋಗಿ

ದೊಡ್ಡಬಳ್ಳಾಪುರ ಸ್ಟೇಷನ್ನಿನ ರಿಸರ್ವೇಷನ್ ಸಾಲಿನಲ್ಲಿ ಚಿನ್ನಸ್ವಾಮಿಯ ಮುಂದೆ ಒಬ್ಬ ವಯಸ್ಸಾದ ತಾಯಿ, ಮಗಳು ನಿಂತಿದ್ದರು. ಮಗಳು ಶಿರಡಿಯ ಟಿಕೆಟ್ಟಿಗೆ ಫಾರಂ ತುಂಬುತ್ತಿದ್ದಳು. ಕೇಳಬಾರದೆಂದುಕೊಂಡರೂ ಚಿನ್ನಸ್ವಾಮಿಯ ಕಿವಿ ಅತ್ತಲೇ ಇತ್ತು.

“ಸೆಕೆಂಡ್ ಎಸಿ ಅಂತ ಬರೀತೀನಮ್ಮ. ಪರದೆ ಎಳ್ಕೊಂಡು ಆರಾಮಾಗಿ ಮಲಗ್ಬೋದು.”

“ಬೇಡ ಕಣೇ ಅಕ್ಷತ, ಸ್ಲೀಪರೇ ಇರ್ಲಿ.”

“ಸೆಕೆ, ಧೂಳು, ಗಲಾಟೆ. ನಿನ್ ಕೈಲಾಗುತ್ತಾ?”

“ಪರದೆ ಹಾಕ್ಕೊಂಡ್ರೆ ಯಾರ ಹತ್ರ ಮಾತಾಡ್ಲಿ? ನಿಮ್ಮಪ್ಪನ ಜೊತೆ ಹೋದಾಗ ಸ್ಲೀಪರಲ್ಲಿ ರಾಯಚೂರಿನೋಳು ಒಬ್ಬಳು ಶೇಂಗಾ ಚಟ್ನಿಪುಡಿ ಮಾಡೋದು ಹೇಳ್ಕೊಟ್ಲು. ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು.”

ಮಗಳ ಪೆನ್ನು ನಿಂತಿತು.

“ಅಪ್ಪ ಹೋದ್ಮೇಲೆ ಮನೇಲಿ ಬಾಯೇ ಬಿಟ್ಟಿಲ್ಲ ನೀನು. ವರ್ಷ ಆಯ್ತು.”

“ಅದಕ್ಕೇ ಹೇಳ್ತಿರೋದು.”

ಅಕ್ಷತ ಎಸಿ ಎಂದಿದ್ದನ್ನು ಹೊಡೆದುಹಾಕಿ ಸ್ಲೀಪರ್ ಎಂದು ಬರೆದಳು. ಟಿಕೆಟ್ ಕೈಗೆ ಬಂದ ಮೇಲೆ ಇಬ್ಬರೂ ಬಾಗಿಲಿನತ್ತ ಹೊರಟರು.

“ದಾರಿಗೆ ಪುಳಿಯೋಗರೆ ಮಾಡ್ತೀನಮ್ಮ. ಇಬ್ಬರಿಗೆ ಒಂದು ಪಾವು ಅಕ್ಕಿ ಸಾಕಲ್ವಾ?”

ತಾಯಿ ಆಗಲೇ ಎರಡು ಹೆಜ್ಜೆ ಮುಂದಿದ್ದಳು.

“ಇಬ್ಬರಿಗೆ ಯಾಕೆ? ನಾವು ಕೂರೋ ಕಡೆ ಎಂಟು ಜನ ಇರ್ತಾರೆ. ಒಂದು ಸೇರು ಹಾಕು.”