ಹಳೇ ಮೌಸಿನ ಸಾಲು

೧೯೯೭ರ ಒಂದು ಬೆಳಿಗ್ಗೆ ಅಂಕಲಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಆಕೆಯ ತಮ್ಮ ಕುಳಿತಿದ್ದರು. ನಡುವೆ ಚಾದರದಲ್ಲಿ ಸುತ್ತಿದ ಕಂಪ್ಯೂಟರ್.

“ನಿಪ್ಪಾಣಿ ಮೆಕ್ಯಾನಿಕ್ ಏನಂದ, ಲಗಮಣ್ಣ?”

“ಎಲ್ಲಾ ಅಳಸಿ ವಿಂಡೋಸ್ ಮತ್ತ ಹಾಕತೇನಿ ಅಂದಾನ, ಅಕ್ಕಾ.”

“ನಾ ಟೈಪ್ ಮಾಡಿದ ಲಗ್ನಪತ್ರಿಕಿ?”

“ಅವೂ ಹೋಗತಾವ.”

“ಮೊನ್ನೆ ನೀ ಹೊಸ ವಿಂಡೋಸ್ ಹಾಕಿದಾಗಿಂದ ಅದು ಚಾಲೂ ಆಗೂಮುಂದ ಯಾಕ ನಡಕ ನಿಂದ್ರತೈತಿ?”

“ಹಳೇ ಮೌಸ್ ಹುಡಕಾಕತ್ತೈತಿ.”

“ಅದನ್ನ ತಗದ ಒಗದೇವಲ್ಲ!”

“ಮಷೀನಿಗೆ ಯಾರ ಹೇಳ್ಯಾರ? ಚಾಲೂ ಆಗೂಮುಂದ ಅದು ಓದೂ ಹಳೇ ಕಾನ್ಫಿಗ್ ಫೈಲ್‌ನ್ಯಾಗ ಮೌಸಿನ ಸಾಲು ಹಂಗ ಉಳದೈತಿ.”

“ಆ ಸಾಲು ಅಳಸಾಕ ಬರೂದಿಲ್ಲೇನ?”

“ಬರತೈತಿ. ತಪ್ಪಿ ಬ್ಯಾರೆ ಸಾಲು ಹೋದ್ರ ಚಾಲೂನ ಆಗೂದಿಲ್ಲ. ಅಂಜಿಕಿ ಆಗತೈತಿ.”

“ಆ ಮೆಕ್ಯಾನಿಕ್ ಹೆಂಗೂ ಎಲ್ಲಾ ಅಳಸಾಂವ. ನಿನ್ನ ಕೈಲೆ ಇನ್ನೇನ ಕೆಡತೈತಿ?”

ನಿಪ್ಪಾಣಿ ಬಸ್ ಬಂದು ನಿಂತಿತು. ತಮ್ಮ ಕಂಪ್ಯೂಟರನ್ನು ಎತ್ತಿ ಎದೆಗವಚಿಕೊಂಡ.

“ನಡಿ ಅಕ್ಕಾ, ಮನಿಗೆ ಹೋಗೂಣು. ನೀ ಬಾಜೂಕ ಕುಂತ ಒಂದೊಂದ ಸಾಲು ಓದು, ಮೌಸಿನ ಸಾಲು ಬಂದ್ರ ನಾ ಅದನ್ನಷ್ಟ ಅಳಸತೇನಿ.”

ಕಂಡಕ್ಟರ್ ಕೂಗಿದರೂ ತಿರುಗದೆ ಇಬ್ಬರೂ ಊರ ಕಡೆ ನಡೆದರು.