ಶೌಚಾಲಯದ ಪಕ್ಕ ನಿಂತವರು

ಕುರ್ಚಿಗಳು ಖಾಲಿಯಿದ್ದರೂ ಆ ಅಪ್ಪ ಮಗ ಆಸ್ಪತ್ರೆಯ ಶೌಚಾಲಯದ ಬಾಗಿಲಿಗೇ ಅಂಟಿಕೊಂಡು ನಿಂತಿದ್ದೇಕೆಂದು, ಡಾಕ್ಟರನ್ನು ಕಾಣಲು ತನ್ನ ಸರದಿಗೆ ಕಾಯುತ್ತಿದ್ದ ಗಡಿಯಾರ ರಿಪೇರಿಯವನಿಗೆ ಬಗೆಹರಿಯಲಿಲ್ಲ. ಅವರ ಮಾತು ಕಿವಿಗೆ ಬಿತ್ತು.

“ಸೋಮವಾರದಿಂದ ನನ್ನ ಮಗ ಕ್ರೇನ್ ಹತ್ತುತ್ತಾನೆ ಅಂತ ಮೇಸ್ತ್ರಿಗೆ ಹೇಳಿಬಿಟ್ಟಿದೀನಿ ಕಣೋ.”

“ಅಪ್ಪಾ, ಇದು ಬರೀ ಹೊಟ್ಟೆ ಕೆಟ್ಟಿರೋದಲ್ಲ. ಅಲ್ಸರೇಟಿವ್ ಕೊಲೈಟಿಸ್. ಕರುಳಲ್ಲಿ ಹುಣ್ಣು ಅಂತ ಮೊನ್ನೆ ಡಾಕ್ಟರು ಬಿಡಿಸಿ ಹೇಳ್ಲಿಲ್ವಾ?”

“ಮಾತ್ರೆ ನುಂಗ್ತಿದೀಯಲ್ಲ. ಇನ್ನೆಷ್ಟು ದಿನ?”

“ಬದುಕಿರೋತನಕ.”

“ಮೂವತ್ತು ವರ್ಷ ಆ ಕ್ರೇನಿನ ಏಣಿ ಹತ್ತಿಳಿದೋನು ನಾನು. ನಿಂಗೂ ಕೈಹಿಡಿದು ಕಲಿಸಿದೆ.”

“ಇಳಿಯೋಕೆ ಹತ್ತು ನಿಮಿಷ ಬೇಕಪ್ಪಾ. ನಂಗೆ ಒಂದು ನಿಮಿಷ ತಡೆಯೋಕಾಗಲ್ಲ.”

ಅವರ ನಂಬರ್ ಕೂಗಿದರು. ಮಗ ಆಗಲೇ ಶೌಚಾಲಯದೊಳಗೆ ನುಗ್ಗಿ ಚಿಲಕ ಹಾಕಿಕೊಂಡಿದ್ದ. ನರ್ಸ್ ಮತ್ತೊಮ್ಮೆ ಕೂಗಿದಾಗ ಅಪ್ಪ ಫೈಲನ್ನು ಎದೆಗವಚಿಕೊಂಡು ಗಡಿಯಾರದವನತ್ತ ತಿರುಗಿದ.

“ನೀವು ಹೋಗಿ ಸ್ವಾಮಿ. ನಮ್ಮದು ಮುಗಿಯೋ ಅಂಥದಲ್ಲ.”